ಲಾಗ್ ಗುರುಮಲ್ಲೇಶ

ನಂಜನಗೂಡಿನ ವಧೂವರರ ಕೇಂದ್ರವೊಂದಕ್ಕೆ ವೆಬ್‌ಸೈಟು ಕಟ್ಟಿಕೊಟ್ಟ ಗುರುಮಲ್ಲೇಶ ದೇವರನ್ನಾದರೂ ಅನುಮಾನಿಸಿಯಾನು, ಲಾಗನ್ನು ಅನುಮಾನಿಸುವವನಲ್ಲ. ಸೈಟು ಡೇಟಾಬೇಸಿಗೆ ಕೇಳುವ ಒಂದೊಂದು ಪ್ರಶ್ನೆಯೂ ಆ ಲಾಗಿನಲ್ಲಿ ದಾಖಲಾಗುತ್ತದೆ. ಯಾರಾದರೂ ಸೈಟು ನಿಧಾನವೆಂದರೆ "ತಡೀರಿ ಸಾ, ಲಾಗ್ ನೋಡವ" ಎನ್ನುತ್ತಾನೆ. ಹೋಟೆಲಿನಲ್ಲಿ ದೋಸೆ ತಡವಾದರೂ, ಮನೆಯಲ್ಲಿ ಹಾಲು ಉಕ್ಕಿದರೂ ಬಾಯಿಗೆ ಬರುವುದು ಅದೇ ಮಾತು. "ಸರ್ವರ್ ಡೌನ್ ಅನ್ನೋದು ಕಳ್ಳರ ಮಾತು ಕಣ್ಲಾ" ಎಂದು ಗೆಳೆಯರನ್ನು ಗದರುತ್ತಾನೆ. ಗಂಡ ತೀರಿಕೊಂಡ ಮೇಲೆ ಟಿ. ನರಸೀಪುರದಿಂದ ತವರಿಗೆ ಬಂದ ಅಕ್ಕ ದಾಕ್ಷಾಯಿಣಿಯ ಸಂಕೋಚ ಬಿಡಿಸಿ, ಅವಳ ಹೆಸರನ್ನು ಸೈಟಿಗೆ ಸೇರಿಸಿದವನೂ ಅವನೇ. ಮೊನ್ನೆ ಅವಳು ತಟ್ಟೆಗೆ ಮುದ್ದೆ ಇಡುತ್ತ, "ಮಲ್ಲೇಶ, ಇನ್ನೂ ಒಬ್ರೂ ಕೇಳಿಲ್ವಲ್ಲೋ. ನನ್ ಫೋಟೊ ಚೆನ್ನಾಗಿಲ್ವಾ? ನಿನ್ ಲಾಗಲ್ಲಿ ಒಸಿ ನೋಡ್ಲಾ" ಎಂದಳು. ಮೊಬೈಲಿನಲ್ಲೇ ತೆರೆದು ನೋಡಿದ. ಗಂಡುಗಳ ಕಡೆಯವರು ಮಾಡಿದ ಪ್ರತಿಯೊಂದು ಹುಡುಕಾಟದ ಕೊನೆಯಲ್ಲೂ ಒಂದೇ ಷರತ್ತಿತ್ತು: ವಿಧವೆಯರನ್ನು ಬಿಟ್ಟು. ಹಾಗೆ ಬರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸೈಟು ಕಟ್ಟುವಾಗ, ಇದನ್ನೇನು ಕೇಳುವುದು ಎಂದುಕೊಂಡು, ಎಲ್ಲ ಹುಡುಕಾಟಗಳಿಗೂ ಅಂಟಿಕೊಳ್ಳುವಂತೆ ಆ ಷರತ್ತನ್ನು ತಾನೇ ಬರೆದಿದ್ದ. "ಏನಂತದ್ಲಾ ನಿನ್ ಲಾಗು?" ಎಂದು ಅಕ್ಕ ಸಾರು ಬಡಿಸಲು ಬಗ್ಗಿದಳು. ಗುರುಮಲ್ಲೇಶ ಮುದ್ದೆಯಿಂದ ಕಣ್ಣೆತ್ತಲಿಲ್ಲ. "ಸರ್ವರ್ ಡೌನ್ ಆಗ್ಬುಟ್ಟದೆ ಕಣಕ್ಕ" ಎಂದ.