ಮಲಗಿದ್ದ ಗೆಡ್ಡೆಗೆ ಖಾಜಾಬೀ ಹಾಕಿದ ನೀರು

ಸಿಂಧನೂರಿಗೆ ವರ್ಗವಾಗಿ ಬಂದ ದಿನ ಪಕ್ಕದ ಮನೆಯ ಖಾಜಾಬೀ ನನ್ನ ಹೆಸರು ಕೇಳುವ ಮೊದಲೇ ಕೇಳಿದ್ದು, "ಡ್ರಮ್ ಎಷ್ಟು ತಂದೀರಿ ಟೀಚರ್ರೇ?" ಒಂದೂ ತಂದಿರಲಿಲ್ಲ. ಮೈಸೂರಿನಲ್ಲಿ ದಿನಾ ನಲ್ಲಿ ತಿರುಗಿಸಿ ಬೆಳೆದವಳು ನಾನು. ಇಲ್ಲಿ ಗೊರೇಬಾಳದ ಕಡೆ ಕಣ್ಣು ಹಾಯಿಸಿದಷ್ಟೂ ಕಾಲುವೆ ನೀರಿನ ಭತ್ತ. ನಮ್ಮ ಓಣಿಗೆ ಮಾತ್ರ ನಳ ಬರುವುದು ವಾರಕ್ಕೊಮ್ಮೆ. ನಲ್ಲಿಯಲ್ಲಿ ನೀರು ಬಂದರೆ ಇಲ್ಲಿಯವರು 'ನಳ ಬಂತು' ಅನ್ನುತ್ತಾರೆ. ಮೊದಲ ವಾರ ನಾನು ಕುಡಿದದ್ದು, ಮಿಂದದ್ದು ಎಲ್ಲ ಖಾಜಾಬೀ ಡ್ರಮ್ಮಿನ ನೀರೇ.

ಅಮ್ಮ ಕೊಟ್ಟ ಲ್ಯಾಚೆನೇಲಿಯ ಎಂಬ ಹೂಗಿಡದ ಗೆಡ್ಡೆಗಳು ನನಗಿಂತ ಬೇಗ ಊರಿಗೆ ಹೊಂದಿಕೊಂಡವು. ಚಳಿಗಾಲದಲ್ಲಿ ಹೂ ಬಿಟ್ಟು, ಬೇಸಿಗೆಯಲ್ಲಿ ಎಲೆ ಒಣಗಿಸಿಕೊಂಡು ಮಣ್ಣೊಳಗೆ ಮಲಗುವ ಜಾತಿ. ಮಲಗಿದಾಗ ಹನಿ ನೀರೂ ಬೇಡ. ಜನವರಿಯಲ್ಲಿ ಹಳದಿ ಹೂ ಜೋತುಬಿದ್ದಾಗ, "ಎತ್ತಿನ ಕೊಳ್ಳಾಗಿನ ಗೆಜ್ಜಿ ಹಂಗ ಐತಲ್ರೀ" ಎಂದು ಖಾಜಾಬೀ ನಕ್ಕರು. ನನಗೆ ಊರನ್ನೇ ಗೆದ್ದಷ್ಟು ಹಿಗ್ಗು.

ಏಪ್ರಿಲ್ ರಜೆಗೆ ಹೊರಡುವಾಗ ಅವರಿಗೆ ಕೀಲಿ ಕೊಟ್ಟು, "ಗಿಡಕ್ಕೆ ನೀರು ಹಾಕ್ತಿರಿ" ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ತುಳಸಿ. ಪಕ್ಕದಲ್ಲಿ ಗೆಡ್ಡೆ ಮಲಗಿದ್ದ ಒಣ ಕುಂಡದ ವಿಷಯ ಬಸ್ಸಿನ ಗಡಿಬಿಡಿಯಲ್ಲಿ ಮರೆತೆ.

ತಿರುಗಿ ಬಂದಾಗ ಕುಂಡದ ತುಂಬ ಕೆಸರು. ಕೊಳೆತ ಗೆಡ್ಡೆ ಬೆರಳಿಗೆ ಮೆತ್ತಿತು. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ: "ಒಣಗಿದ್ದಕ್ಕೆ ಯಾರಾದರೂ ನೀರು ಹಾಕ್ತಾರಾ?"

"ಒಣಗಿದ್ದಕ್ಕ ಹಾಕೀನ್ರಿ," ಎಂದರು ಖಾಜಾಬೀ ಮೆಲ್ಲಗೆ. "ನಿಮ್ಮ ತಾಯಿ ಕೊಟ್ಟಿದ್ದು, ಸಾಯಬಾರದಂತ."

ಅವರ ಸೊಸೆ ಹೊರಗೆ ಬಂದಳು. "ಹದಿನೈದು ದಿನ ನಳ ಬಂದಿದ್ದಿಲ್ರಿ. ನಮ್ಮತ್ತಿ ತಾ ಜಳಕ ಬಿಟ್ಟು ನಿಮ್ಮ ಗಿಡಕ್ಕ ನೀರು ಉಳಿಸ್ಯಾರ."

"ಸುಮ್ಕಿರಬೇ," ಎಂದು ಅವಳನ್ನು ಒಳಗೆ ಕಳಿಸಿದರು.

ಅವರು ಸ್ನಾನ ಬಿಟ್ಟಿದ್ದರು, ಆ ಕುಂಡಕ್ಕೆ ನೀರು ಬೇಡವೆಂದು ನಾನು ಒಂದು ಮಾತು ಹೇಳಿರಲಿಲ್ಲ. ತಪ್ಪೆಲ್ಲ ನನ್ನದೇ. ಆದರೂ ತಪ್ಪಾಯಿತು ಅನ್ನುವಷ್ಟು ನಾಲಿಗೆ ಹೊರಳಲಿಲ್ಲ. ದಸರೆಗೆ ಊರಿಗೆ ಹೊರಟಾಗ ಮತ್ತೆ ಕೀಲಿ ಕೊಟ್ಟೆ. "ಯಾವುದಕ್ಕ ಹಾಕಬಾರ್ದು, ತೋರಿಸಿ ಹೋಗ್ರಿ" ಎಂದರು. ಮಾತಿನಲ್ಲಿ ಕುಟುಕಿರಲಿಲ್ಲ, ಅಂಜಿಕೆಯಿತ್ತು. ಕಟ್ಟೆಯ ಮೇಲೆ ತುಳಸಿಯೊಂದೇ ಉಳಿದಿತ್ತು. ನಾಚಿಕೆಯಿಂದ ಕುಗ್ಗಿಹೋದೆ.

ಮೊನ್ನೆ ಅಮ್ಮನ ಫೋನು. "ಹೂ ಬಂತೇನೇ?"

"ಇಲ್ಲಮ್ಮ, ಇಲ್ಲಿಯ ಬಿಸಿಲಿಗೆ ಗೆಡ್ಡೆ ಹೋಯ್ತು" ಎಂದುಬಿಟ್ಟೆ.

"ಆ ಊರಲ್ಲಿ ಏನು ತಾನೇ ಬದುಕುತ್ತೆ ಬಿಡು!"

ನಾನು ಬದುಕಿದ್ದೇನಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಖಾಜಾಬೀ ಕೂಗಿದರು:

"ಟೀಚರ್ರೇ, ನಳ ಬಂತ್ರೀ! ಲಗೂ ಬರ್ರಿ!"