ದೊಡ್ಡ ಮಾಸ್ತರರ ಕನ್ನಡ ಓದು

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಅಲ್ಲಿನ ಮಿಷನ್ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ನಾವು ಹಿಂದೂಗಳಾದರೂ ಅಜ್ಜ ನನ್ನನ್ನು ಅಲ್ಲಿಗೇ ಹಾಕಿದ್ದ. ಕನ್ನಡ ಅಕ್ಷರಗಳನ್ನು ಮನೆಯಲ್ಲಿ ತಾನೇ ಕಲಿಸಿದ್ದ.

ನಮ್ಮ ದೊಡ್ಡ ಮಾಸ್ತರರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಉರ್ದುವಿನಲ್ಲೇ ಕಲಿಸಿದವರು. ಮನೆಮಾತು ಕನ್ನಡವಾದರೂ ಅದನ್ನು ಓದಲು ಬಾರದು. ಇನ್ನು ಪಾಠವೆಲ್ಲ ಕನ್ನಡದಲ್ಲಿ ಎಂದು ಗೊತ್ತಾದ ದಿನ ನನ್ನ ಹತ್ತಿರ ಬಂದು, "ನನಗೂ ಕಲಿಸ್ತೀ ಏನವ್ವಾ?" ಎಂದರು. ತಮಾಷೆ ಎಂದುಕೊಂಡೆ. ಆದರೆ ಶಾಲೆ ಬಿಟ್ಟ ಮೇಲೆ ದಿನಾ ಪಾಟಿ ಹಿಡಿದು ನನ್ನೆದುರು ಕೂತರು. ಒತ್ತಕ್ಷರ ಬಂದರೆ ಬೆವರುತ್ತಿದ್ದರು. ತಪ್ಪಾದರೆ ತಾವೇ ನಕ್ಕು ಒರೆಸುತ್ತಿದ್ದರು.

ಕ್ರಿಸ್‌ಮಸ್ ಬಂತು. ಬಣ್ಣದ ಕಾಗದ ಕಟ್ಟಿದ ಕೋಣೆಯಲ್ಲಿ ಮಕ್ಕಳ ಮನೆಯವರು ತುಂಬಿದ್ದರು. ಪ್ರತಿವರ್ಷ ಯೇಸು ಹುಟ್ಟಿದ ಕತೆಯನ್ನು ಉರ್ದುವಿನಲ್ಲಿ ಓದುತ್ತಿದ್ದ ಮಾಸ್ತರರು ಆ ಸಲ ಕನ್ನಡ ಬೈಬಲ್ ತೆರೆದರು. ಬೆರಳಿಟ್ಟು ಓದುತ್ತ ಹೋಗಿ 'ಸ್ಥಳ' ಎಂಬಲ್ಲಿ ನಿಂತುಬಿಟ್ಟರು. ಅವರು ಚಷ್ಮಾ ತೆಗೆದು, ಎಲ್ಲರೆದುರಿಗೇ ನನ್ನನ್ನು ಕರೆದು ಪುಸ್ತಕ ತೋರಿಸಿದರು.

"ಇದೇನದ ಹೇಳ್ರಿ, ಗುರುಗಳೇ."

"ಸ್ಥಳ ಅದರಿ, ಸರ್."

"ಸ್ಥಳ," ಎಂದು ಎರಡು ಸಲ ಹೇಳಿಕೊಂಡು ಮುಂದೆ ಓದಿದರು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಅಜ್ಜ ಕೂತಲ್ಲಿಂದಲೇ ಅವರಿಗೆ ಕೈಮುಗಿದ.

ಮರುವರ್ಷ ಅವರು ಎಲ್ಲೂ ತಡೆಯದೆ ಇಡೀ ಅಧ್ಯಾಯ ಓದಿದರು. ನನಗೆ ಖುಷಿಯಾಯಿತು, ಸ್ವಲ್ಪ ಬೇಜಾರೂ ಆಯಿತು.