ಗೋಡೆಗೆ ಸೇರದ ಬೆಲ್ಲ

ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಮಕ್ಕಳೇ, ಈ ಕಥೆಯಲ್ಲಿ ಕಳ್ಳಿ ನಿಮ್ಮಜ್ಜಿಯೇ. ಮೊದಲೇ ಹೇಳಿಬಿಡುತ್ತೇನೆ.

ಕೈಲಾಂಚ ಎಂಬ ಊರಿನ ಹತ್ತಿರ ಒಂದು ಹಳೇ ತೊಟ್ಟಿಮನೆಯಿತ್ತು. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಮರದ ಕಂಬಗಳು, ಉರಿಬಿಸಿಲಲ್ಲೂ ಕೈಯಿಟ್ಟರೆ ತಣ್ಣಗಿರುವ ಮೊಳ ದಪ್ಪದ ಮಣ್ಣಿನ ಗೋಡೆ. ಮುಂದಿನ ಗೋಡೆಯ ಗಾರೆ ಉದುರಿತ್ತು. ಆಗ ಸಿಮೆಂಟು ಊರೂರಿಗೂ ಬರತೊಡಗಿದ ಕಾಲ. ಯಜಮಾನರು ಇಡೀ ಮನೆಯನ್ನೇ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದರು.

ಅಷ್ಟು ಗಟ್ಟಿ ಮನೆ ಕೆಡವುವುದನ್ನು ಅಪ್ಪನಿಗೆ ಸಹಿಸಲಾಗಲಿಲ್ಲ. "ಈ ಒಂದು ಗೋಡೆಗೆ ಗಾರೆ ಮಾಡಿ ತೋರುಸ್ತೀನಿ ಯಜಮಾನ್ರೇ. ನಿಲ್ಲದಿದ್ರೆ ಕೆಡವ್ಬುಡಿ" ಎಂದ. ಅವರು ಒಪ್ಪಿದರು.

ಗಾರೆಗೆ ಸುಣ್ಣ, ಮರಳು ಮಾತ್ರ ಸಾಲದು. ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಹಾಕಿ, ಆ ನೀರಿನಲ್ಲಿ ಸುಣ್ಣ ಅರೆಯಬೇಕು. ಗೋಡೆಗೆ ಅದೇ ಅಂಟು. ಅಪ್ಪ ಅಕ್ಕನನ್ನು ಕರೆದುಕೊಂಡು ಮರಳು ಜರಡಿ ಹಿಡಿಯಲು ಹೋಗುವಾಗ ನನಗೆ, "ಬೆಲ್ಲ ಕುಟ್ಟಿ ಗಡಿಗೆಗೆ ಹಾಕವ್ವ. ಒಸಿ ಬಾಯಿಗೂ ಹಾಕ್ಕೊ, ಪರವಾಗಿಲ್ಲ" ಎಂದ.

ಒಸಿಯಂತೆ ಒಸಿ! ನಮ್ಮ ಮನೆಯಲ್ಲಿ ಬೆಲ್ಲ ಕಾಣುತ್ತಿದ್ದುದೇ ಹಬ್ಬಕ್ಕೆ. ಕುಟ್ಟುತ್ತಿದ್ದಂತೆ ಅದರ ಘಮ ಮೂಗಿಗೆ ಹೊಡೆಯಿತು. ಒಂದು ಚೂರು ತಿಂದೆ, ಇನ್ನೊಂದು ತಿಂದೆ. ಹಾದಿಯಲ್ಲಿ ಹೋಗುತ್ತಿದ್ದ ಗೆಳತಿಯರನ್ನೂ ಕರೆದು, ಭಾರೀ ಧಾರಾಳದಿಂದ ಹಂಚಿದೆ. ಕೊನೆಗೆ ಗಡಿಗೆಗೆ ಬಿದ್ದದ್ದು ಒಂದು ಹಿಡಿ ಪುಡಿ. ಅಳಲೆಕಾಯಿ ನೀರು ಹೇಗೂ ಕಂದು ಬಣ್ಣ, ಅಪ್ಪನಿಗೆ ಗೊತ್ತಾಗಲೇ ಇಲ್ಲ.

ಅಪ್ಪ ಗಾರೆ ಮಾಡಿ ಮುಗಿಸಿದ ಸ್ವಲ್ಪ ದಿನಕ್ಕೇ ಗೋಡೆ ಬಿರುಕು ಬಿಟ್ಟಿತು. ಯಜಮಾನರು ಉಗುರಿನಲ್ಲಿ ಕೆರೆದರೆ ಗಾರೆ ಹಪ್ಪಳದ ಹಾಗೆ ಕಳಚಿ ಬಿತ್ತು.

"ಏನ್ ಮೇಸ್ತ್ರಿ, ಇದೇನಾ ನಿನ್ನ ಗಾರೆ?"

ಅಪ್ಪ ಬಿದ್ದ ಚೂರನ್ನು ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದ. "ನನ್ನ ಕೈಯೇ ತಪ್ಪೈತೆ ಯಜಮಾನ್ರೇ" ಎಂದು ತಲೆ ತಗ್ಗಿಸಿದ. ಅಕ್ಕ ಅಳುತ್ತಿದ್ದಳು. ನಾನು ಕಂಬ ತಬ್ಬಿಕೊಂಡು ನಿಂತಿದ್ದೆ. ಬೆಲ್ಲ ತಿಂದವಳು ನಾನು ಎನ್ನುವ ಬದಲು ಕಂಬದ ಹಿಂದಕ್ಕೆ ಸರಿದೆ. ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಗುತ್ತದೆ.

ಆ ಬೇಸಿಗೆಯಲ್ಲೇ ಮನೆ ಕೆಡವಿದರು. ಕಂಬಗಳನ್ನು ಗಾಡಿಗೆ ಹೇರುವಾಗ ಅಪ್ಪನೂ ಹೆಗಲು ಕೊಟ್ಟ. ಆಮೇಲೆ ಜನ ಅವನನ್ನು ಸಿಮೆಂಟು ಕಲಸಲು ಕರೆದರು, ಗಾರೆಗೆ ಕರೆಯಲಿಲ್ಲ. ಅವನೂ ತನ್ನ ಕೈಯನ್ನು ಮತ್ತೆ ನಂಬಲಿಲ್ಲ.

ನಿಮ್ಮ ಕಾಲದಲ್ಲಿ ಗೋಡೆಯ ಬಣ್ಣ ಡಬ್ಬದಲ್ಲಿ ಬರುತ್ತದೆ, ತಿನ್ನಲು ಅದರಲ್ಲಿ ಏನೂ ಇರುವುದಿಲ್ಲ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಹೊಸ ಗೋಡೆಯ ಮೇಲೆ ಆನೆ ಬರೆದು, ಅಮ್ಮ ನೋಡುವ ಮೊದಲೇ ಓಡಿಬಂದು "ನಾನೇ ಬರೆದಿದ್ದು" ಎಂದಳಲ್ಲ, ನಾನು ಅಪ್ಪನಿಗೆ ಹೇಳಬೇಕಿದ್ದುದೂ ಅಷ್ಟೇ ಸಣ್ಣ ಮಾತು. ಅಪ್ಪ ಇನ್ನೂ ಇಪ್ಪತ್ತು ವರ್ಷ ನಮ್ಮ ಜೊತೆಗಿದ್ದ. ನಾನು ಹೇಳಲಿಲ್ಲ.